ಹೊಳೆಯ ನೆರೆಗೆ ಹೆಲಿಕಾಪ್ಟರ್, ಮಣ್ಣಿನ ಮಾಳಿಗೆಗೆ ಪಂಚನಾಮೆ

ಕೊಪ್ಪಳ ಸೀಮೆಗೆ ಬರ ಹೊಸದಲ್ಲ. ಕುಷ್ಟಗಿ, ಯಲಬುರ್ಗಾದ ಹಿರಿಯರು ಮಕ್ಕಳ ವಯಸ್ಸನ್ನೂ ಬರದ ಲೆಕ್ಕದಲ್ಲೇ ಹೇಳುತ್ತಾರೆ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಕಾಣುವ ಈ ಕಡೆ ಅತಿವೃಷ್ಟಿಯ ಪರಿಹಾರ ದೊಡ್ಡ ರಾಜಕೀಯದ ಮಾತಾದದ್ದು 2009ರಿಂದ ಈಚೆಗೆ. ಅಂದಿನಿಂದ ಇಂದಿನವರೆಗೆ ರಾಜ್ಯದಲ್ಲಿ ಮೂರೂ ಪಕ್ಷಗಳ ಸರ್ಕಾರಗಳು ಬಂದು ಹೋಗಿವೆ, ಪರಿಹಾರದ ಮೊತ್ತ ಹಲವು ಬಾರಿ ಏರಿದೆ, ಮನೆ ಬಿದ್ದವರ ದೂರುಗಳು ಮಾತ್ರ ಹೆಚ್ಚೂಕಡಿಮೆ ಹಾಗೇ ಉಳಿದಿವೆ. ಅದೇಕೆ ಹೀಗೆ ಎಂದು ಹಿಂತಿರುಗಿ ನೋಡಲು ಇಷ್ಟು ವರ್ಷ ಸಾಕಷ್ಟು ದೀರ್ಘ ಕಾಲ.

2009ರ ಸೆಪ್ಟೆಂಬರ್ ಕೊನೆಯ ವಾರ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಒಳನಾಡಿಗೆ ನುಗ್ಗಿ ಉತ್ತರ ಕರ್ನಾಟಕದ ಮೇಲೆ ನಿಂತುಬಿಟ್ಟಿತು. ಅಕ್ಟೋಬರ್ 2ರಂದು ಮಂತ್ರಾಲಯ ನೀರಲ್ಲಿ ಮುಳುಗಿದ ಚಿತ್ರವನ್ನು ದೇಶವೆಲ್ಲ ನೋಡಿತು. ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ವಿಜಯಪುರ, ಬಾಗಲಕೋಟೆ, ರಾಯಚೂರುಗಳಲ್ಲಿ ಹೊಳೆ ಊರೊಳಗೆ ಬಂದಿತ್ತು. ಕುಷ್ಟಗಿ, ಯಲಬುರ್ಗಾದಂಥ ನಮ್ಮ ಮೇಲಿನ ತಾಲ್ಲೂಕುಗಳಲ್ಲಿ ಹೊಳೆಯೇ ಇಲ್ಲ. ಅಲ್ಲಿ ನೆರೆ ಬಂದದ್ದು ಆಕಾಶದಿಂದ, ಮಾಳಿಗೆಯ ಮೂಲಕ.

ಮಣ್ಣಿನ ಮಾಳಿಗೆ ಮನೆ ಬೀಳುವ ರೀತಿಯನ್ನು ಬೆಂಗಳೂರಿನಲ್ಲಿ ಕೂತು ಊಹಿಸುವುದು ಕಷ್ಟ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ, ಸೊಪ್ಪೆ ಹರಡಿ ಒಂದು ಮೊಳ ಮಣ್ಣು. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಸೋರುವ ಕಡೆ ಇನ್ನಷ್ಟು ಮಣ್ಣು ಹಾಕಿ ಮೆತ್ತುತ್ತಾರೆ. ಅಜ್ಜನ ಕಾಲದಿಂದ ಹೀಗೆ ಹಾಕುತ್ತ ಬಂದ ಮಣ್ಣಿನ ಭಾರವೆಲ್ಲ ಗೆದ್ದಲು ಹಿಡಿದ ಜಂತಿಯ ಮೇಲಿರುತ್ತದೆ. ಬಿಸಿಲ ನಾಡಿಗೆ ಇದಕ್ಕಿಂತ ತಂಪಾದ ಮನೆ ಇಲ್ಲ, ಅದು ನಿಜ. ಆದರೆ ಮೂರು ದಿನ ಬಿಡದೆ ಜಿಟಿಜಿಟಿ ಹಿಡಿದರೆ ಮಾಳಿಗೆ ನೀರು ಕುಡಿದು ಭಾರವಾಗುತ್ತದೆ, ಕಲ್ಲು ಮಣ್ಣಿನ ಗೋಡೆ ಒಳಗೊಳಗೇ ಸಡಿಲುತ್ತದೆ. ಎಷ್ಟೋ ಸಲ ಗೋಡೆ ಕುಸಿಯುವುದು ಮಳೆ ಹೊಯ್ಯುವಾಗಲ್ಲ. ಮಳೆ ನಿಂತು ಬಿಸಿಲು ಬಿದ್ದ ಎರಡು ಮೂರು ದಿನಕ್ಕೆ. ಅಷ್ಟರಲ್ಲಿ ಸಮೀಕ್ಷೆಯವರು ಓಣಿಗೆ ಬಂದು ಹೋಗಿರುತ್ತಾರೆ. ಬೆಳಕಿಂಡಿಯಿಂದ ಸುರಿದ ನೀರಿಗೆ ಜೋಳದ ಚೀಲ ನೆನೆದು ಮೊಳಕೆ ಬಂದದ್ದು, ಹಗೆವಿನಲ್ಲಿಟ್ಟ ಕಾಳು ಕೊಳೆತದ್ದು ಯಾವ ನಮೂನೆಯಲ್ಲೂ ದಾಖಲಾಗುವುದಿಲ್ಲ.

ಆ ವರ್ಷದ ರಾಜಕೀಯವನ್ನು ಇಲ್ಲಿ ನೆನೆಯಬೇಕು, ಯಾಕೆಂದರೆ ಅದರ ನಂಟು ನಮ್ಮ ಜಿಲ್ಲೆಗೆ ಬೇರೆ ದಾರಿಯಿಂದ ಮರಳಿ ಬಂತು. ಪ್ರಧಾನಿ ಮನಮೋಹನ್ ಸಿಂಗ್ ವೈಮಾನಿಕ ಸಮೀಕ್ಷೆ ನಡೆಸಿ ರಾಜ್ಯಕ್ಕೆ 1,000 ಕೋಟಿ ರೂಪಾಯಿ ಘೋಷಿಸಿದರು. ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಸಂತ್ರಸ್ತರ ನಿಧಿಗಾಗಿ ಪಾದಯಾತ್ರೆ ಮಾಡಿ ದೇಣಿಗೆ ಕೇಳಿದರು. ಹಣ ಸಾಲದೆಂದು ಅದಿರು ಸಾಗಿಸುವ ಪ್ರತಿ ಲಾರಿಗೆ 1,000 ರೂಪಾಯಿ ಸುಂಕ ಹಾಕಲು ಹೊರಟರು. ಬಳ್ಳಾರಿಯ ಗಣಿ ಒಡೆಯರಾದ ರೆಡ್ಡಿ ಸಹೋದರರು ಸಿಡಿದೆದ್ದರು. ಅವರಲ್ಲಿ ಒಬ್ಬರು, ಜಿ. ಕರುಣಾಕರ ರೆಡ್ಡಿ, ಆಗ ಕಂದಾಯ ಸಚಿವರು. ಅಂದರೆ ಪರಿಹಾರದ ಹೊಣೆ ಹೊತ್ತ ಇಲಾಖೆಯೇ ಅವರದು. ಶಾಸಕರು ಹೈದರಾಬಾದ್, ಗೋವಾದ ರೆಸಾರ್ಟುಗಳಲ್ಲಿದ್ದರು. ಮನೆ ಬಿದ್ದವರು ಶಾಲೆ, ಗುಡಿ, ಗಂಜಿ ಕೇಂದ್ರಗಳಲ್ಲಿದ್ದರು. ಮುಖ್ಯಮಂತ್ರಿ ಟಿ.ವಿ. ಕ್ಯಾಮೆರಾ ಮುಂದೆ ಕಣ್ಣೀರಿಟ್ಟರು. ದೆಹಲಿಯಲ್ಲಿ ರಾಜಿಯಾಯಿತು, ಸಚಿವೆ ಶೋಭಾ ಕರಂದ್ಲಾಜೆ ರಾಜೀನಾಮೆ ಕೊಟ್ಟರು, ಸುಂಕದ ಮಾತು ತಣ್ಣಗಾಯಿತು. ಆ ಬಂಡಾಯದ ಮುಂದಾಳಾಗಿದ್ದ ಜಿ. ಜನಾರ್ದನ ರೆಡ್ಡಿ ಸ್ವಂತ ಪಕ್ಷ ಕಟ್ಟಿ 2023ರಲ್ಲಿ ಸ್ಪರ್ಧಿಸಿ ಗೆದ್ದದ್ದು ನಮ್ಮ ಗಂಗಾವತಿಯಿಂದ. ಚುನಾವಣೆಯಲ್ಲಿ ಗಣಿ, ಜೈಲು, ಅಂಜನಾದ್ರಿ ಬೆಟ್ಟ ಎಲ್ಲವೂ ಚರ್ಚೆಗೆ ಬಂದವು. ಲಾರಿಗೆ ಸಾವಿರ ರೂಪಾಯಿಯ ಪ್ರಸಂಗವನ್ನು ಎದುರಾಳಿಗಳೂ ಎತ್ತಲಿಲ್ಲ, ಮತದಾರರೂ ಕೇಳಲಿಲ್ಲ. ಪರಿಹಾರದ ವಿಚಾರದಲ್ಲಿ ನಮ್ಮ ನೆನಪು ಅಷ್ಟು ಗಿಡ್ಡ.

2009ರ ಇನ್ನೊಂದು ಕೊಡುಗೆ ‘ಆಸರೆ’. ದಾನಿಗಳು ಮನೆ ಕಟ್ಟಿಕೊಡುವುದು, ಸರ್ಕಾರ ಜಾಗ ಮತ್ತು ಮೂಲಸೌಕರ್ಯ ಕೊಡುವುದು. ಯೋಚನೆ ಒಳ್ಳೆಯದೇ. ಆದರೆ ಉತ್ತರ ಕರ್ನಾಟಕದ ಎಷ್ಟೋ ನವಗ್ರಾಮಗಳಲ್ಲಿ ಇಂದಿಗೂ ಕದ ಕಿತ್ತುಹೋದ ಮನೆಗಳ ಸುತ್ತ ಜಾಲಿ ಬೆಳೆದು ನಿಂತಿದೆ. ದನ ಕಟ್ಟಲು ಜಾಗವಿಲ್ಲ, ಹೊಲ ದೂರ, ಕಣಕ್ಕೆ ತಾವಿಲ್ಲ. ಒಕ್ಕಲುತನದ ಮನೆಯಲ್ಲಿ ಅರ್ಧ ಜಾಗ ದನಕ್ಕೂ ಕಾಳಿಗೂ ಬೇಕೆಂಬುದನ್ನು ನಕ್ಷೆ ಬರೆದವರಿಗೆ ಯಾರೂ ಹೇಳಲಿಲ್ಲವೋ, ಹೇಳಿದರೂ ಕೇಳಲಿಲ್ಲವೋ. ಜನ ಹಳೆಯ ಊರಿಗೇ ಮರಳಿ ಬಿದ್ದ ಗೋಡೆಯನ್ನೇ ಎತ್ತಿ ಕಟ್ಟಿಕೊಂಡರು.

ಹತ್ತು ವರ್ಷದ ನಂತರ, 2019ರ ಆಗಸ್ಟ್. ಈ ಸಲ ಸರದಿ ಹೊಳೆಯದು. ತುಂಗಭದ್ರಾ ಜಲಾಶಯದಿಂದ ಎರಡು ಲಕ್ಷ ಕ್ಯೂಸೆಕ್ ಮೀರಿ ನೀರು ಬಿಟ್ಟಾಗ ಆನೆಗೊಂದಿಯ ನವವೃಂದಾವನ ಮುಳುಗಿತು, ಗಂಗಾವತಿಯಿಂದ ಕಂಪ್ಲಿಗೆ ಹೋಗುವ ಸೇತುವೆ ಬಂದ್ ಆಯಿತು, ವಿರುಪಾಪುರ ಗಡ್ಡಿ ನಡುಗಡ್ಡೆಯಾಯಿತು. ಅಲ್ಲಿ ಸಿಕ್ಕಿಬಿದ್ದ ನೂರಾರು ಜನರಲ್ಲಿ ವಿದೇಶಿ ಪ್ರವಾಸಿಗರೂ ಇದ್ದರು. ಹೆಲಿಕಾಪ್ಟರ್ ಬಂತು, ಎನ್‌ಡಿಆರ್‌ಎಫ್ ಬಂತು, ಸೇನೆ ಬಂತು. ರಕ್ಷಣೆಗೆ ಹೋದ ದೋಣಿಯೇ ಮಗುಚಿ ಸಿಬ್ಬಂದಿ ಸುಳಿಯಲ್ಲಿ ಸಿಕ್ಕರು. ಅವರನ್ನೂ ಬದುಕಿಸಿ ತಂದದ್ದು ಆ ದಿನಗಳ ದೊಡ್ಡ ಸಮಾಧಾನ. ಆ ಸಾಹಸಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿ. ಆದರೆ ದೇಶದ ಎಲ್ಲ ಚಾನೆಲ್‌ಗಳಲ್ಲಿ ‘ಕೊಪ್ಪಳದ ನೆರೆ’ ಎಂದರೆ ಗಡ್ಡಿಯ ನೆರೆ ಎಂದೇ ಆಯಿತು.

ಗಡ್ಡಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಹಂಪಿಯ ಪಾರಂಪರಿಕ ಪ್ರದೇಶದಲ್ಲಿ ಅನುಮತಿಯಿಲ್ಲದೆ ಎದ್ದ ರೆಸಾರ್ಟುಗಳ ತಕರಾರು ಅದಕ್ಕೂ ಹಿಂದಿನಿಂದಲೇ ನ್ಯಾಯಾಲಯದಲ್ಲಿತ್ತು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೆರವಿಗೆ ಒಪ್ಪಿತು, ಮಾರ್ಚ್‌ನಲ್ಲಿ ಜೆಸಿಬಿಗಳು ಇಳಿದವು. ಹೊಳೆಯ ಪಾತ್ರದಲ್ಲಿ ಕಟ್ಟಿದ್ದನ್ನು ಕೆಡವಿದ್ದು ಸರಿಯೇ. ಅದನ್ನು ವರ್ಷಗಟ್ಟಲೆ ಕಟ್ಟಲು ಬಿಟ್ಟ ಕಚೇರಿಗಳನ್ನು ಯಾರು ಕೇಳಿದರು? ಹರಿಗೋಲು ಹಾಕುತ್ತಿದ್ದವರು, ಅಡುಗೆಗೆ ನಿಂತವರು, ಬೈಕು ಬಾಡಿಗೆಗೆ ಕೊಡುತ್ತಿದ್ದ ಹುಡುಗರು ಸಾಣಾಪುರದ ಕಡೆ ಹೊಸ ದಾರಿ ಹುಡುಕಿಕೊಂಡರು.

2019ರಲ್ಲಿ ನೆರೆ ಬಂದಾಗ ರಾಜ್ಯದಲ್ಲಿ ಸಚಿವ ಸಂಪುಟವೇ ಇರಲಿಲ್ಲ. ಜುಲೈ 26ಕ್ಕೆ ಪ್ರಮಾಣ ಸ್ವೀಕರಿಸಿದ ಯಡಿಯೂರಪ್ಪ ಆಗಸ್ಟ್ 20ರವರೆಗೆ ಒಬ್ಬರೇ ಸರ್ಕಾರ. ವಿರೋಧ ಪಕ್ಷಗಳ ಟೀಕೆಗೆ ಅದಕ್ಕಿಂತ ಸುಲಭದ ಗುರಿ ಬೇಕಿರಲಿಲ್ಲ. ಆದರೂ ಪೂರ್ಣ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂಬ ನಿರ್ಧಾರ ಬಂದದ್ದು ಆಗಲೇ. ಕೇಂದ್ರದ ಮಾರ್ಗಸೂಚಿಯಲ್ಲಿ ಅಂಥ ಮನೆಗೆ ಇದ್ದದ್ದು 95,100 ರೂಪಾಯಿ. ಅದಕ್ಕೆ ಹೋಲಿಸಿದರೆ ಇದು ತುಂಬ ದೊಡ್ಡ ಮೊತ್ತ. ಅದನ್ನು ಒಪ್ಪಿಕೊಳ್ಳಲು ಪಕ್ಷ ನೋಡಬೇಕಾಗಿಲ್ಲ.

ತೊಡಕು ಶುರುವಾದದ್ದು ಅದರ ಕೆಳಗಿನ ಅಕ್ಷರಗಳಲ್ಲಿ. ಶೇ 75ಕ್ಕಿಂತ ಹೆಚ್ಚು ಹಾನಿಯಾದರೆ ‘ಎ’, 25ರಿಂದ 75 ಆದರೆ ‘ಬಿ’, 15ರಿಂದ 25 ಆದರೆ ‘ಸಿ’. ಆಗ ‘ಎ’ಗೆ 5 ಲಕ್ಷ, ‘ಸಿ’ಗೆ 50 ಸಾವಿರ. ಈ ಶೇಕಡಾವಾರನ್ನು ಅಳೆದವರು ಯಾರು? ಗ್ರಾಮ ಲೆಕ್ಕಿಗ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಒಬ್ಬ ಎಂಜಿನಿಯರ್. ಹಿಂದಿನ ಗೋಡೆ ಬಿದ್ದು, ಮಾಳಿಗೆ ಒಂದು ಮಗ್ಗುಲಿಗೆ ಜಗ್ಗಿ, ಮುಂದಿನ ಬಾಗಿಲು ನೆಟ್ಟಗೆ ನಿಂತ ಮನೆ ಶೇಕಡಾ ಎಷ್ಟು ಬಿದ್ದಿದೆ? ಒಳಗೆ ಮಲಗುವ ಧೈರ್ಯ ಯಾರಿಗೂ ಇಲ್ಲ ಎಂದರೆ ಅದು ನೂರಕ್ಕೆ ನೂರು ಬಿದ್ದ ಮನೆ. ಪಂಚನಾಮೆಯಲ್ಲಿ ಅದು ‘ಸಿ’ ಆಗಬಹುದು, ಊರಿನ ಮುಖಂಡರ ಮಾತು ನಡೆದರೆ ‘ಎ’ ಆಗಬಹುದು. ನಾಲ್ವರು ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡು ಒಂದೇ ಮಾಳಿಗೆಯ ಕೆಳಗಿದ್ದರೆ ಪಂಚಾಯಿತಿ ಪುಸ್ತಕದಲ್ಲಿ ಅದು ತೀರಿಹೋದ ಅಪ್ಪನ ಹೆಸರಿನ ಒಂದೇ ಮನೆ. ಪರಿಹಾರ ಒಬ್ಬನಿಗೆ, ಜಗಳ ನಾಲ್ವರಿಗೆ. ಮನೆಯ ಉತಾರವೇ ಇಲ್ಲದವರ, ಗಾಂವಠಾಣದಲ್ಲೋ ಸರ್ಕಾರಿ ಜಾಗದಲ್ಲೋ ಗುಡಿಸಲು ಹಾಕಿಕೊಂಡವರ ಪಾಡು ಬೇರೆ. ಇನ್ನು ಆ 5 ಲಕ್ಷವೂ ಒಮ್ಮೆಲೇ ಕೈಗೆ ಬರಲಿಲ್ಲ. ಬುನಾದಿ ಹಾಕಿ ಫೋಟೊ ಏರಿಸಿದ ಮೇಲೆ ಒಂದು ಕಂತು, ಗೋಡೆ ಎದ್ದ ಮೇಲೆ ಇನ್ನೊಂದು. ಹಳೆಯ ಮನೆ ಕಿತ್ತು ಬುನಾದಿ ಹಾಕಿ, ಮುಂದಿನ ಕಂತಿಗೆ ಕಾಯುತ್ತ ತಗಡಿನ ಕೆಳಗೆ ವರ್ಷ ಕಳೆದವರಿದ್ದಾರೆ.

ನಮ್ಮ ದೂರು ಇದೇ. ಇಷ್ಟು ವರ್ಷ ನಾವು ಜಗಳವಾಡಿದ್ದು ಮೊತ್ತದ ಮೇಲೆ. ಪರಿಹಾರ ನಿಜವಾಗಿ ನಿರ್ಧಾರವಾಗುವುದು ಪಟ್ಟಿಯಲ್ಲಿ, ಮತ್ತು ಪಟ್ಟಿಯ ಬಗ್ಗೆ ವಿಧಾನಸೌಧದಲ್ಲೂ ಸಂಸತ್ತಿನಲ್ಲೂ ಚರ್ಚೆಯಾಗುವುದೇ ಇಲ್ಲ.

ಮೊತ್ತದ ಜಗಳ ಸುಳ್ಳೆಂದು ಹೇಳುತ್ತಿಲ್ಲ. 2019ರಲ್ಲಿ ರಾಜ್ಯ ಅಂದಾಜಿಸಿದ ನಷ್ಟ 35,160 ಕೋಟಿ. ಕೇಂದ್ರ ಅಕ್ಟೋಬರ್‌ನಲ್ಲಿ ಮೊದಲ ಕಂತಾಗಿ 1,200 ಕೋಟಿ ಕೊಟ್ಟಿತು, 2020ರ ಜನವರಿಯಲ್ಲಿ ಒಪ್ಪಿದ್ದು 1,869.85 ಕೋಟಿ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ 25 ಗೆದ್ದ ಬಿಜೆಪಿಯ ಸಂಸದರು ದೆಹಲಿಯಲ್ಲಿ ಬಾಯಿ ಬಿಡಲಿಲ್ಲ ಎಂಬ ಸಿಟ್ಟು ಆಗ ಎಲ್ಲೆಡೆ ಇತ್ತು, ಕೊಪ್ಪಳದಲ್ಲೂ ಇತ್ತು. ಆದರೆ ಒಂದು ವಿಷಯ ಜನರಿಗೆ ಯಾರೂ ಬಿಡಿಸಿ ಹೇಳಲಿಲ್ಲ. ರಾಜ್ಯ ವಿಪತ್ತು ಪರಿಹಾರ ನಿಧಿಯಲ್ಲಿ ದೊಡ್ಡ ಪಾಲು ಕೇಂದ್ರದ್ದು, ಉಳಿದದ್ದು ರಾಜ್ಯದ್ದು. ಅದು ಸಾಲದಾದಾಗ ರಾಷ್ಟ್ರೀಯ ನಿಧಿಯಿಂದ ಕೇಳಬೇಕು. ಅಲ್ಲಿ ನಷ್ಟದ ಲೆಕ್ಕ ನಡೆಯುವುದಿಲ್ಲ, ಮಾರ್ಗಸೂಚಿಯ ದರದ ಲೆಕ್ಕ ನಡೆಯುತ್ತದೆ. ಹಾಗಾಗಿ ನಷ್ಟಕ್ಕೂ ನೆರವಿಗೂ ಅಜಗಜಾಂತರವಿರುವುದು ಯಾವ ಪಕ್ಷ ದೆಹಲಿಯಲ್ಲಿದ್ದರೂ ತಪ್ಪಿದ್ದಲ್ಲ. ಇದನ್ನು ಬಲ್ಲ ನಾಯಕರು ವಿರೋಧ ಪಕ್ಷದಲ್ಲಿದ್ದಾಗ ಮರೆಯುತ್ತಾರೆ, ಅಧಿಕಾರಕ್ಕೆ ಬಂದಾಗ ನೆನಪಿಸಿಕೊಳ್ಳುತ್ತಾರೆ.

ಇದು ನಮ್ಮ ಬಡ ಸೀಮೆಯದೊಂದೇ ರೋಗವಲ್ಲ. 2005ರಲ್ಲಿ ಕತ್ರಿನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದಾಗ ಅಧ್ಯಕ್ಷ ಜಾರ್ಜ್ ಬುಷ್ ವಿಮಾನದ ಕಿಟಕಿಯಿಂದ ಕೆಳಗೆ ನೋಡುತ್ತಿದ್ದ ಚಿತ್ರ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ನಮ್ಮಲ್ಲಿ ಅದೇ ಚಿತ್ರ ಕಾಳಜಿಯ ಪುರಾವೆಯೆಂದು ಪತ್ರಿಕೆಗೆ ಹೋಗುತ್ತದೆ! 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ಅಮೆರಿಕವನ್ನು ಅಪ್ಪಳಿಸಿದಾಗ, ತುರ್ತಿಗೆಂದು ಕೊಟ್ಟ 750 ಡಾಲರ್‌ನ ಮೊದಲ ನೆರವೇ ಪೂರ್ತಿ ಪರಿಹಾರ ಎಂಬ ಸುಳ್ಳು ಚುನಾವಣೆಯ ಹೊಸ್ತಿಲಲ್ಲಿ ಕಾಳ್ಗಿಚ್ಚಿನಂತೆ ಹಬ್ಬಿತು. ತುರ್ತು ನೆರವಾಗಿ ಕೈಗೆ ಬಂದ 10 ಸಾವಿರ ರೂಪಾಯಿಯನ್ನು ಮುಂದಿನ ಪರಿಹಾರದಲ್ಲಿ ಮುರಿದುಕೊಳ್ಳುತ್ತಾರಂತೆ ಎಂಬ ಗಾಳಿಸುದ್ದಿ ಕೇಳಿ ಬಲ್ಲ ನಮ್ಮ ಹಳ್ಳಿಗಳಿಗೆ ಅದು ಅಪರಿಚಿತವೆನಿಸದು.

ಮತ್ತೆ ನಮ್ಮ ಜಿಲ್ಲೆಗೆ ಬಂದರೆ, 2021ರ ನವೆಂಬರ್‌ನಲ್ಲಿ ಪೆಟ್ಟು ಬಿದ್ದದ್ದು ಗಂಗಾವತಿ, ಕಾರಟಗಿಯ ಭತ್ತಕ್ಕೆ. ಕೊಯ್ಲಿಗೆ ನಿಂತ ಪೈರು ಅಕಾಲಿಕ ಮಳೆಗೆ ನೆಲಕಚ್ಚಿ ಗದ್ದೆಯಲ್ಲೇ ಮೊಳಕೆಯೊಡೆಯಿತು. ಅದೇ ಹೊತ್ತಿಗೆ ವಿಧಾನ ಪರಿಷತ್ ಚುನಾವಣೆಯ ನೀತಿಸಂಹಿತೆ. ಆ ಚುನಾವಣೆಯ ಮತದಾರರಲ್ಲಿ ಬಹುಪಾಲು ಗ್ರಾಮ ಪಂಚಾಯಿತಿ ಸದಸ್ಯರು. ಅವರಿಗೆ ಆ ತಿಂಗಳು ಸಿಕ್ಕ ಗಮನದ ಕಾಲುಭಾಗ ಭತ್ತ ಕಳೆದುಕೊಂಡವರಿಗೆ ಸಿಗಲಿಲ್ಲ. ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹೆಕ್ಟೇರ್ ದರವನ್ನು ಖುಷ್ಕಿಗೆ 6,800ರಿಂದ 13,600ಕ್ಕೆ, ನೀರಾವರಿಗೆ 13,500ರಿಂದ 25,000ಕ್ಕೆ, ತೋಟಗಾರಿಕೆಗೆ 18,000ದಿಂದ 28,000ಕ್ಕೆ ಏರಿಸಿದರು. 2025ರ ಸೆಪ್ಟೆಂಬರ್ ಕೊನೆಗೆ ಸಿದ್ದರಾಮಯ್ಯ ಸರ್ಕಾರವೂ ಮಾರ್ಗಸೂಚಿಯ ಮೇಲೆ ಹೆಕ್ಟೇರಿಗೆ 8,500 ರೂಪಾಯಿ ಹೆಚ್ಚುವರಿ ಘೋಷಿಸಿತು. ಎರಡೂ ಒಳ್ಳೆಯ ನಿರ್ಧಾರಗಳು. ಎರಡರಲ್ಲೂ ಎರಡು ಹೆಕ್ಟೇರಿನ ಮಿತಿ ಇದೆ, ಶೇ 33ರ ಹಾನಿಯ ಗೆರೆ ಇದೆ. ಎಲ್ಲಕ್ಕಿಂತ ಮಿಗಿಲಾಗಿ, ಹಣ ಹೋಗುವುದು ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ.

ಗಂಗಾವತಿ ಸೀಮೆಯ ಗದ್ದೆಯನ್ನು ಬಲ್ಲವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಊರುಗಳಲ್ಲೂ ಕ್ಯಾಂಪುಗಳಲ್ಲೂ ಎಷ್ಟೋ ಎಕರೆ ಲಾವಣಿಯ ಮೇಲೆ ನಡೆಯುತ್ತದೆ. ಬಾಯಿಮಾತಿನ ಕರಾರು, ಮುಂಗಡ ಹಣ ಇಲ್ಲವೇ ಇಂತಿಷ್ಟು ಚೀಲ ಭತ್ತ. ಸಸಿ ಹಚ್ಚಿದವನು, ಗೊಬ್ಬರದ ಅಂಗಡಿಯಲ್ಲಿ ಉದ್ರಿ ಮಾಡಿದವನು, ಕಟಾವು ಯಂತ್ರಕ್ಕೆ ಗಂಟೆ ಲೆಕ್ಕದಲ್ಲಿ ದುಡ್ಡು ತೆತ್ತವನು ಒಬ್ಬ. ಮೊಬೈಲಿಗೆ ಪರಿಹಾರದ ಮೆಸೇಜು ಬರುವುದು ಇನ್ನೊಬ್ಬನಿಗೆ. ಆಧಾರ್ ಜೋಡಣೆ, ರೈತರ ನೋಂದಣಿಯ ಫ್ರೂಟ್ಸ್ ಐಡಿ, ‘ಪರಿಹಾರ’ ತಂತ್ರಾಂಶ ಇವೆಲ್ಲ ಬಂದ ಮೇಲೆ ಮಧ್ಯವರ್ತಿಯ ಕೈ ಕಡಿಮೆಯಾದದ್ದು ಸತ್ಯ. ಆದರೆ ತಂತ್ರಾಂಶಕ್ಕೆ ಲಾವಣಿದಾರ ಕಾಣುವುದಿಲ್ಲ. ಸಾಗುವಳಿ ಮಾಡುವವನ ಹೆಸರು ಬರೆದರೆ ಭೂಮಿಯೇ ಕೈಬಿಟ್ಟೀತು ಎಂಬ ಮಾಲೀಕನ ಹೆದರಿಕೆಗೂ ಒಂದು ಚರಿತ್ರೆ ಇದೆ. ಈ ಗಂಟನ್ನು ಬಿಡಿಸಲು ಯಾವ ಸರ್ಕಾರವೂ ಕೈಹಾಕಿಲ್ಲ. ವಿರೋಧ ಪಕ್ಷಗಳೂ ಕೇಳಿಲ್ಲ, ಯಾಕೆಂದರೆ ಎಲ್ಲ ಪಕ್ಷಗಳಲ್ಲೂ ಮಾತು ನಡೆಯುವುದು ಪಹಣಿ ಇದ್ದವರದೇ.

2022ರಲ್ಲಿ ಯಲಬುರ್ಗಾ ತಾಲ್ಲೂಕಿನ ಸಂಕನೂರು ಬಳಿಯ ಹಳ್ಳದಲ್ಲಿ ಕೂಲಿ ಮುಗಿಸಿ ಮನೆಗೆ ಮರಳುತ್ತಿದ್ದ ನಾಲ್ವರು ಹೆಂಗಸರು ಕೊಚ್ಚಿಹೋದರು. ಸತ್ತವರ ಕುಟುಂಬಕ್ಕೆ 5 ಲಕ್ಷ ಎಂಬುದು ರಾಜ್ಯದಲ್ಲಿ ರೂಢಿಗೆ ಬಂದ ಮೊತ್ತ. ಮಳೆಗಾಲದಲ್ಲಿ ಸಂಜೆ ಕೂಲಿಯವರು ದಾಟುವ ಎಷ್ಟು ಹಳ್ಳಗಳಿಗೆ ನಮ್ಮಲ್ಲಿ ಸೇತುವೆ ಇಲ್ಲ ಎಂಬ ಪಟ್ಟಿಯನ್ನು ಆ ದುರಂತದ ನಂತರವಾದರೂ ಮಾಡಿ ಜನರ ಮುಂದಿಡಬೇಕಿತ್ತು.

ಮರುವರ್ಷವೇ ಬರ, ರಾಜ್ಯದ 223 ತಾಲ್ಲೂಕುಗಳು ಬರಪೀಡಿತ. 18,171 ಕೋಟಿ ಕೇಳಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು, 2024ರ ಏಪ್ರಿಲ್‌ನಲ್ಲಿ 3,454 ಕೋಟಿ ಬಂತು. ದೆಹಲಿಯ ಜಂತರ್ ಮಂತರ್‌ನಲ್ಲಿ ರಾಜ್ಯ ಸರ್ಕಾರ ನಡೆಸಿದ ಧರಣಿಯಲ್ಲೂ ಲೋಕಸಭಾ ಚುನಾವಣೆಯ ಭಾಷಣಗಳಲ್ಲೂ ಮೊತ್ತದ ಮಾತೇ ಮುಂದಿತ್ತು.

ಆಗಸ್ಟ್ 10, 2024ರ ರಾತ್ರಿ ತುಂಗಭದ್ರೆಯ 19ನೇ ಕ್ರಸ್ಟ್ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ನದಿದಂಡೆಯ ಊರುಗಳಿಗೆ ನೆರೆಯ ಭಯ, ಕಾಲುವೆಯ ಊರುಗಳಿಗೆ ನೀರು ಹೋಗುವ ಸಂಕಟ. ಒಂದೇ ರಾತ್ರಿ ಒಂದೇ ಜಿಲ್ಲೆಯಲ್ಲಿ ಎರಡೂ. ಉಪಮುಖ್ಯಮಂತ್ರಿ ಬಂದರು, ಮುಖ್ಯಮಂತ್ರಿ ಬಂದರು, ವಿರೋಧ ಪಕ್ಷದ ನಾಯಕರು ಬಂದರು. ಬಿಜೆಪಿಯ ಪ್ರಕಾರ ತಪ್ಪು ರಾಜ್ಯದ್ದು, ಕಾಂಗ್ರೆಸ್ಸಿನ ಪ್ರಕಾರ ಜಲಾಶಯ ನೋಡಿಕೊಳ್ಳುವ ತುಂಗಭದ್ರಾ ಮಂಡಳಿ ಕೇಂದ್ರದ ಅಧೀನ. ಎರಡೂ ಮಾತು ನಡೆಯುತ್ತಿದ್ದಾಗ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದವರು ಗೇಟು ತಜ್ಞ ಕನ್ನಯ್ಯ ನಾಯ್ಡು ಮತ್ತು ಅವರ ಜೊತೆ ಜೀವ ಒತ್ತೆಯಿಟ್ಟು ದುಡಿದ ಕಾರ್ಮಿಕರು. ಒಂದು ವಾರದೊಳಗೆ ಕೆಲಸ ಮುಗಿಯಿತು. ಗೇಟು ತಯಾರಿಸುವುದಕ್ಕೆಂದೇ ಹೊಸಪೇಟೆಯಲ್ಲಿದ್ದ ಸರ್ಕಾರಿ ಕಾರ್ಖಾನೆ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಅಷ್ಟರಲ್ಲಿ ಮುಚ್ಚಿಹೋಗಿತ್ತು. ನಾಯ್ಡು ಅವರಂಥ ಹಳಬರ ಅನುಭವ ಉಳಿದಿದ್ದರಿಂದ ಬಚಾವಾದೆವು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಕಥೆ ಇದು. ತಜ್ಞರು ಎಲ್ಲ 33 ಗೇಟುಗಳನ್ನೂ ಬದಲಿಸಬೇಕೆಂದರು. 2025ರ ಮಳೆಗಾಲದಲ್ಲಿ ಹೊಳೆ ತುಂಬಿ ಹರಿದರೂ ಸುರಕ್ಷತೆಗಾಗಿ ಸಂಗ್ರಹವನ್ನು 80 ಟಿಎಂಸಿ ಆಸುಪಾಸಿಗೆ ಮಿತಿಗೊಳಿಸಬೇಕಾಯಿತು. ಎರಡನೇ ಬೆಳೆಗೆ ನೀರಿಲ್ಲವೆಂದಾಯಿತು, ಮತ್ತೆ ಪರಿಹಾರದ ಬೇಡಿಕೆ, ಮತ್ತೆ ಧರಣಿ. ಜಲಾಶಯದ ಮೂಲ ಸಾಮರ್ಥ್ಯ 133 ಟಿಎಂಸಿ. ಹೂಳಿನಿಂದ 105ಕ್ಕೆ ಇಳಿದು ವರ್ಷಗಳಾದವು. ಆ ಕೊರತೆ ತುಂಬಲೆಂದು ಹೇಳುವ ನವಲಿ ಸಮಾನಾಂತರ ಜಲಾಶಯ ಪ್ರತಿ ಚುನಾವಣೆಯ ಪ್ರಣಾಳಿಕೆಯಲ್ಲಿ ಕಟ್ಟಿ ಮುಗಿಯುತ್ತದೆ, ನೆಲದ ಮೇಲೆ ಆಂಧ್ರ, ತೆಲಂಗಾಣಗಳ ಒಪ್ಪಿಗೆಗೆ ಕಾಯುತ್ತ ನಿಂತಿದೆ.

ಜನರ ಬಗ್ಗೆ ಒಂದು ಮಾತು. ನೆರೆ ಎಲ್ಲೇ ಬರಲಿ, ನಮ್ಮ ಓಣಿಗಳಲ್ಲಿ ಹೆಂಗಸರು ಕೂತು ರೊಟ್ಟಿ ಬಡಿದು, ಶೇಂಗಾ ಚಟ್ನಿ ಕಟ್ಟಿ ಲಾರಿಗೆ ಏರಿಸಿ ಕಳಿಸುತ್ತಾರೆ. ಖಡಕ್ ರೊಟ್ಟಿ ವಾರವಾದರೂ ಕೆಡುವುದಿಲ್ಲ. ಅದಕ್ಕಿಂತ ಬುದ್ಧಿವಂತ ಪರಿಹಾರ ಸಾಮಗ್ರಿಯನ್ನು ಯಾವ ಇಲಾಖೆಯೂ ಕಂಡುಹಿಡಿದಿಲ್ಲ. (ಅದೇ ಲಾರಿಗೆ ಹರಿದ ಪ್ಯಾಂಟು, ಬಣ್ಣ ಹೋದ ಸೀರೆ ತುಂಬುವವರೂ ನಮ್ಮವರೇ. ಅದು ದಾನವಲ್ಲ, ಅಟ್ಟ ಖಾಲಿ ಮಾಡುವ ಉಪಾಯ.) 2019ರ ಬೇಸಿಗೆಯಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತಾಗ ಸಾವಿರಾರು ಜನ ಹಿರೇಹಳ್ಳಕ್ಕಿಳಿದು 20 ಕಿ.ಮೀ.ಗೂ ಹೆಚ್ಚು ಉದ್ದ ಜಾಲಿ, ಹೂಳು ತೆಗೆದರು. ಕುಷ್ಟಗಿಯವರು ನಿಡಶೇಸಿ ಕೆರೆಗೆ ಕೈಹಚ್ಚಿದರು. ನೀರಿಗೆ ಹರಿಯಲು ದಾರಿ, ನಿಲ್ಲಲು ಜಾಗ ಮಾಡಿಕೊಟ್ಟ ಈ ಕೆಲಸ ಬರಕ್ಕೂ ನೆರೆಗೂ ಒಟ್ಟಿಗೇ ಸಲ್ಲುವಂಥದ್ದು. ಮಠದ ಮಾತಿಗೆ ಇಳಿಯುವ ಜನ ಗ್ರಾಮಸಭೆಯ ನೋಟಿಸಿಗೆ ಯಾಕೆ ಬರುವುದಿಲ್ಲ ಎಂದು ಅಧಿಕಾರಿಗಳು ಗೊಣಗುತ್ತಾರೆ. ಗ್ರಾಮಸಭೆಯಲ್ಲಿ ಏನಾದರೂ ನಿರ್ಧಾರವಾಗುತ್ತದೆ ಎಂಬ ನಂಬಿಕೆ ಜನರಲ್ಲಿ ಉಳಿದಿದ್ದರೆ ಬರುತ್ತಿದ್ದರು.

ಆಗಬೇಕಾದದ್ದು ದೊಡ್ಡ ಯೋಜನೆಯಲ್ಲ. ಪ್ರತಿ ಪಂಚಾಯಿತಿ ಮೇ ತಿಂಗಳೊಳಗೆ ತನ್ನ ವ್ಯಾಪ್ತಿಯ ಮಣ್ಣಿನ ಮಾಳಿಗೆ ಮನೆಗಳನ್ನು ಓಣಿವಾರು ಬರೆದು, ಒಂದೊಂದರ ಫೋಟೊ ತೆಗೆದು, ಒಳಗೆ ಎಷ್ಟು ಒಲೆ ಉರಿಯುತ್ತವೆ ಎಂದು ನಮೂದಿಸಿಟ್ಟರೆ, ಸೆಪ್ಟೆಂಬರ್‌ನಲ್ಲಿ ಬಿದ್ದದ್ದೆಷ್ಟು, ನಿಂತದ್ದೆಷ್ಟು ಎಂಬ ವಾದಕ್ಕೆ ಅರ್ಧ ಉತ್ತರ ಸಿಕ್ಕಂತೆ. ಸಮೀಕ್ಷೆ ಮುಗಿದ ಮೇಲೂ ಹದಿನೈದು ದಿನ ತಡವಾಗಿ ಬಿದ್ದ ಗೋಡೆಗೆ ಅವಕಾಶವಿರಲಿ. ಎ, ಬಿ, ಸಿ ಪಟ್ಟಿ ತಹಶೀಲ್ದಾರರ ಮೇಜಿಗೆ ಹೋಗುವ ಮೊದಲು ಪಂಚಾಯಿತಿ ಗೋಡೆಯ ಮೇಲೆ ಅಂಟಲಿ. ಲಾವಣಿ ಮಾಡಿದವರ ಹೆಸರು ಆ ಒಂದು ಬೆಳೆಯ ಪರಿಹಾರಕ್ಕಷ್ಟೇ ಸೀಮಿತವಾಗಿ, ಭೂಮಿಯ ಹಕ್ಕಿಗೆ ಸಂಬಂಧವಿಲ್ಲದಂತೆ ದಾಖಲಾಗಲು ಕಾನೂನು ಬೇಕು. ಅದನ್ನು ತರುವ ಹೊಣೆ ನಮ್ಮ ಶಾಸಕರದು.

ಓದುಗರಲ್ಲಿ ನಮ್ಮ ಕೋರಿಕೆ ಇಷ್ಟು. ಮುಂದಿನ ಮಳೆಗಾಲದಲ್ಲಿ ಮಂತ್ರಿಗಳು ಊರಿಗೆ ಬಂದರೆ ಎಷ್ಟು ಕೋಟಿ ತಂದಿರಿ ಎಂದು ಆಮೇಲೆ ಕೇಳಿ, ಮೊದಲು ನಿಮ್ಮ ಊರಿನ ಪಟ್ಟಿ ತೋರಿಸಲು ಹೇಳಿ. ತೋರಿಸದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. ಪಟ್ಟಿ ಕೈಗೆ ಬಂದಾಗ ಅದನ್ನು ಓಣಿಯಲ್ಲಿ ನಿಂತು ಗಟ್ಟಿಯಾಗಿ ಓದಿ.